ಡ್ಯಾಶ್‌ಬೋರ್ಡ್ ಒಳಗೆ ಟಕ್ ಟಕ್: ಹೊಸ ಫ್ಲ್ಯಾಪ್ ಮೋಟರ್ ಹಾಕಿದರೂ ಮೂರೇ ವಾರಕ್ಕೆ ಮತ್ತೆ ಶುರು

ಚಳಿನಾಡು (ಮಿಷಿಗನ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯ ಗಾಡಿ 2014ರ ಮಿನಿವ್ಯಾನ್. ಮಕ್ಕಳ ಶಾಲೆ, ದಿನಸಿ, ವಾರದ ಕೊನೆಗೆ ದೇವಸ್ಥಾನ, ಎಲ್ಲಕ್ಕೂ ಅದೊಂದೇ. ನವೆಂಬರ್‌ನಲ್ಲಿ ಡ್ಯಾಶ್‌ಬೋರ್ಡ್ ಒಳಗಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು. ಸ್ಟಾರ್ಟ್ ಮಾಡಿದ ಕೂಡಲೇ ಹತ್ತು ಹದಿನೈದು ಸೆಕೆಂಡ್ ಬಡಿಯುತ್ತದೆ, ಆಮೇಲೆ ನಿಲ್ಲುತ್ತದೆ. ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಿದರೆ ಮತ್ತೆ ಶುರು. ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದ ಹಾಗೆ, ಸೆಕೆಂಡಿಗೆ ಎರಡು ಸಲ.

ಸರ್ವಿಸ್ ಸೆಂಟರಿನಲ್ಲಿ ಕೇಳಿದೆ. ಮೋಡ್ ಡೋರ್ ಆಕ್ಚುಯೇಟರ್ (ಗಾಳಿಯ ದಿಕ್ಕು ಬದಲಿಸುವ ಒಳಗಿನ ಬಾಗಿಲನ್ನು, ಅಂದರೆ ಫ್ಲ್ಯಾಪನ್ನು, ತಿರುಗಿಸುವ ಮೋಟರ್) ಹೋಗಿದೆ, 480 ಡಾಲರ್ ಆಗುತ್ತದೆ ಅಂದರು. ಹೊರಗಡೆ ಆ ಸಾಮಾನಿನ ಬೆಲೆ 42 ಡಾಲರ್. ಹಾಗಾದರೆ ನಾನೇ ಮಾಡುತ್ತೇನೆ ಅಂತ ತರಿಸಿಕೊಂಡೆ. ಆಕ್ಸಿಲರೇಟರ್ ಪೆಡಲ್ ಪಕ್ಕದ ಪ್ಲಾಸ್ಟಿಕ್ ಹೊದಿಕೆ ತೆಗೆದರೆ ಕಾಣುತ್ತದೆ. ಮೂರು ಸ್ಕ್ರೂ, ಒಂದು ಕನೆಕ್ಟರ್. ಬೆನ್ನ ಮೇಲೆ ಮಲಗಿ, ತಲೆ ಪೆಡಲ್ ಕೆಳಗಿಟ್ಟು ಎರಡು ಗಂಟೆ ಒದ್ದಾಡಿದೆ. ಸದ್ದು ಹೋಯಿತು. ಮನೆಯವರಿಗೆಲ್ಲ ಖುಷಿ.

ಮೂರು ವಾರ ಕಳೆಯಿತು. ಈಗ ಮತ್ತೆ ಅದೇ ಸದ್ದು. ಗಾಜಿನ ಕಡೆಗೆ ಗಾಳಿಯೂ ಸರಿಯಾಗಿ ಬರುತ್ತಿಲ್ಲ. ಇಲ್ಲಿ ಬೆಳಿಗ್ಗೆ ಮೈನಸ್ 10 ಡಿಗ್ರಿ. ಮಕ್ಕಳನ್ನು ಕೂರಿಸಿಕೊಂಡು ಮಂಜು ಕಟ್ಟಿದ ಗಾಜಿನಲ್ಲಿ ಹೋಗುವುದು ಸಾಧ್ಯವೇ ಇಲ್ಲ. ಕಳಪೆ ಮಾಲು ಬಂತಾ? ನಾನೇ ತಪ್ಪು ಮಾಡಿದೆನಾ? ಗೊತ್ತಿರುವವರು ಹೇಳಿ.

ಮಲ್ಟಿಮೀಟರ್_ಮೇಷ್ಟ್ರು (ಮೈಸೂರು)

ಒಂದು ವಿಷಯ ಮೊದಲು. ಕನೆಕ್ಟರ್‌ನಲ್ಲಿ ಎಷ್ಟು ವೈರ್ ಇದೆ? ಎರಡಾ, ಐದಾ?

ಚಳಿನಾಡು (ಮಿಷಿಗನ್)

ಐದು.

ಹಳೇ_ಸ್ಪ್ಯಾನರ್ (ಬೆಂಗಳೂರು)

22 ವರ್ಷದಿಂದ ಕಾರ್ ಎಸಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಹಾಗೆ ಹೊಸ ಮೋಟರ್ ಹಾಕಿಸಿಕೊಂಡು ತಿಂಗಳೊಳಗೆ ವಾಪಸ್ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಒಂದೇ ಪ್ರಶ್ನೆ ಕೇಳುತ್ತೇನೆ. ಹಳೇ ಮೋಟರ್ ಬಿಚ್ಚಿದ ಮೇಲೆ, ಹೊಸದು ಕೂರಿಸುವ ಮೊದಲು, ಒಳಗಿನ ಫ್ಲ್ಯಾಪನ್ನು ಕೈಯಲ್ಲಿ ತಿರುಗಿಸಿ ನೋಡಿದಿರಾ?

ನೋಡಿಲ್ಲ ಅನ್ನುವುದು ನನ್ನ ಅಂದಾಜು. ಯಾರೂ ನೋಡುವುದಿಲ್ಲ.

ಸದ್ದು ಯಾಕೆ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಆ ಆಕ್ಚುಯೇಟರ್ ಡಬ್ಬಿಯ ಒಳಗೆ ಆಟಿಕೆಯಲ್ಲಿ ಇರುವಂಥ ಸಣ್ಣ ಡಿಸಿ ಮೋಟರ್ ಇದೆ. ಅದರ ಮುಂದೆ ಮೂರು ನಾಲ್ಕು ಪ್ಲಾಸ್ಟಿಕ್ ಗೇರ್. ಮೋಟರ್ ಜೋರಾಗಿ ತಿರುಗುತ್ತದೆ, ಕೊನೆಯ ಗೇರ್ ನಿಧಾನವಾಗಿ, ಬಲವಾಗಿ ತಿರುಗುತ್ತದೆ. ಆ ಕೊನೆಯ ಗೇರ್ ಫ್ಲ್ಯಾಪನ್ನು ತಳ್ಳುತ್ತದೆ. ಫ್ಲ್ಯಾಪ್ ಸಲೀಸಾಗಿ ಓಡಾಡಿದರೆ ಗೇರಿಗೆ ಏನೂ ಭಾರವಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಮೋಟರ್ ತಳ್ಳುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಹಲ್ಲು ಎಷ್ಟು ದಿನ ತಡೆದೀತು? ಒಂದು ಹಲ್ಲು ಹೋಯಿತು ಅಂದರೆ ಆ ಜಾಗಕ್ಕೆ ಬಂದಾಗೆಲ್ಲ ಗೇರ್ ಜಾರುತ್ತದೆ. ಆ ಜಾರುವ ಸದ್ದೇ ನಿಮ್ಮ ಟಕ್ ಟಕ್.

ವಯಸ್ಸಾಗಿ ಹಲ್ಲು ಸವೆದು ಹೋಗುವುದೂ ಉಂಟು. ಅಂಥದ್ದಕ್ಕೆ ಹೊಸ ಮೋಟರ್ ಹಾಕಿದರೆ ವರ್ಷಗಟ್ಟಲೆ ಬರುತ್ತದೆ. ಮೂರು ವಾರಕ್ಕೆ ಹೋಯಿತು ಅಂದರೆ ನನ್ನ ಅನುಮಾನವೆಲ್ಲ ಫ್ಲ್ಯಾಪ್ ಮೇಲೆ.

ಮಲ್ಟಿಮೀಟರ್_ಮೇಷ್ಟ್ರು (ಮೈಸೂರು)

ಹಳೇ ಸ್ಪ್ಯಾನರ್ ಹೇಳಿದ್ದು ಸರಿ. ಹತ್ತು ಸೆಕೆಂಡ್ ಬಡಿದು ಯಾಕೆ ನಿಲ್ಲುತ್ತದೆ ಅನ್ನುವುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಅದು ತಿಳಿದರೆ ಅರ್ಧ ಕೆಲಸ ಆದ ಹಾಗೆ.

ಐದು ವೈರಿನಲ್ಲಿ ಎರಡು ಮೋಟರ್‌ಗೆ. ಉಳಿದ ಮೂರು ಒಳಗಿರುವ ಪೊಟೆನ್ಷಿಯೋಮೀಟರ್‌ಗೆ. ಹಳೇ ರೇಡಿಯೋದ ವಾಲ್ಯೂಮ್ ಗುಬುಟು ಇರುತ್ತಿತ್ತಲ್ಲ, ಅದೇ ಜಾತಿ. ಒಂದು ತುದಿಗೆ 5 ವೋಲ್ಟ್, ಇನ್ನೊಂದು ತುದಿ ಗ್ರೌಂಡ್, ನಡುವಿನದು ಸಿಗ್ನಲ್. ಫ್ಲ್ಯಾಪ್ ಈಗ ಎಲ್ಲಿದೆ ಅನ್ನುವುದನ್ನು ಆ ನಡುವಿನ ವೈರ್ ಎಸಿ ನಡೆಸುವ ಕಂಟ್ರೋಲ್ ಯೂನಿಟ್‌ಗೆ ಹೇಳುತ್ತಿರುತ್ತದೆ. ನೀವು ಗಾಜಿನ ಕಡೆ ಗಾಳಿ ಕೇಳಿದಿರಿ. ಯೂನಿಟ್ ಮೋಟರ್ ಓಡಿಸುತ್ತದೆ. ಗೇರ್ ಜಾರುತ್ತಿರುವುದರಿಂದ ಸಿಗ್ನಲ್ ಆ ಜಾಗ ಮುಟ್ಟುವುದಿಲ್ಲ. ಯೂನಿಟ್ ಸ್ವಲ್ಪ ಹೊತ್ತು ಕಾಯುತ್ತದೆ, ಆಮೇಲೆ ಕೈಬಿಡುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಮತ್ತೆ ಪ್ರಯತ್ನಿಸುತ್ತದೆ.

ಎರಡೇ ವೈರ್ ಇರುವ ಮೋಟರ್‌ಗಳಲ್ಲಿ ಈ ಗುಬುಟು ಇರುವುದಿಲ್ಲ. ಮೋಟರ್ ತಿರುಗುವಾಗ ಕರೆಂಟಿನಲ್ಲಿ ಆಗುವ ಸಣ್ಣ ಏರಿಳಿತವನ್ನು ಯೂನಿಟ್ ಎಣಿಸುತ್ತದೆ. ಈ ತುದಿಯಿಂದ ಆ ತುದಿಗೆ ಎಷ್ಟು ಎಣಿಕೆ ಅಂತ ನೆನಪಿಟ್ಟುಕೊಳ್ಳುತ್ತದೆ. ಅದಕ್ಕೇ ಕೇಳಿದೆ. ಎರಡೂ ಜಾತಿಗೆ ಕೂರಿಸುವ ವಿಧಾನ ಬೇರೆ ಬೇರೆ.

ಕರಾವಳಿ_ಅಕ್ಕ (ಮಂಗಳೂರು)

ನಮ್ಮ ಕಾರಿನಲ್ಲೂ ಹೀಗೇ ಸದ್ದು ಬರುತ್ತದೆ. ಆದರೆ ಗ್ಲೋವ್ ಬಾಕ್ಸ್ ಹಿಂದಿನಿಂದ. ಒಳಗಿನ ಗಾಳಿ, ಹೊರಗಿನ ಗಾಳಿ ಬದಲಿಸುವ ಬಟನ್ ಒತ್ತಿದಾಗ ಮಾತ್ರ. ಟೆಂಪರೇಚರ್ ನಾಬ್ ತಿರುಗಿಸಿದರೆ ಸದ್ದಿಲ್ಲ. ಮಳೆಗಾಲದಲ್ಲಿ ಗಾಜೆಲ್ಲ ಮಬ್ಬಾಗಿ ಬಟ್ಟೆಯಲ್ಲಿ ಒರೆಸಿಕೊಂಡು ಓಡಿಸುತ್ತೇನೆ. ಇದೂ ಅದೇ ಮೋಟರಾ?

ಹಳೇ_ಸ್ಪ್ಯಾನರ್ (ಬೆಂಗಳೂರು)

ಅಕ್ಕ, ನಿಮ್ಮದು ರೀಸರ್ಕ್ಯುಲೇಶನ್ ಫ್ಲ್ಯಾಪ್. ಮಿಷಿಗನ್ನಿನವರದ್ದು ಮೋಡ್ ಫ್ಲ್ಯಾಪ್, ಅಂದರೆ ಮುಖ, ಕಾಲು, ಗಾಜು ಅಂತ ಗಾಳಿ ಹಂಚುವುದು. ಬಿಸಿ ತಣ್ಣಗೆ ಬೆರೆಸುವುದು ಮೂರನೆಯದು. ನಮ್ಮಲ್ಲಿ ಸಾಮಾನ್ಯ ಎಸಿಯ ಸುಮಾರು ಗಾಡಿಗಳಲ್ಲಿ ನಾಬ್‌ನಿಂದ ಕೇಬಲ್ ಎಳೆದಿರುತ್ತಾರೆ, ಮೋಟರ್ ಇರುವುದು ರೀಸರ್ಕ್ಯುಲೇಶನ್‌ಗೆ ಮಾತ್ರ. ಬಿಸಿ ತಂಪನ್ನು ತಾನೇ ಹೊಂದಿಸುವ ಆಟೋ ಕ್ಲೈಮೇಟ್ ಇದ್ದರೆ ಎಲ್ಲಕ್ಕೂ ಮೋಟರ್. ನೀವು ನಾಬ್ ತಿರುಗಿಸಿದಾಗ ಕೈಗೆ ಸ್ವಲ್ಪ ಎಳೆತ ಗೊತ್ತಾದರೆ ನಿಮ್ಮದು ಕೇಬಲ್.

ರೀಸರ್ಕ್ಯುಲೇಶನ್ ಮೋಟರ್ ಬದಲಿಸುವುದು ಎಲ್ಲಕ್ಕಿಂತ ಸುಲಭ. ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಪಕ್ಕದ ಗೋಡೆ ಒಳಕ್ಕೆ ಒತ್ತಿ ಕೆಳಗೆ ಬಿಡಿ. ಬಲಗಡೆ ಅಥವಾ ಎಡಗಡೆ ಒಂದು ಸಣ್ಣ ದಾರವೋ ಡ್ಯಾಂಪರೋ ಇರುತ್ತದೆ, ಅದನ್ನು ಬಿಚ್ಚಿ. ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಡಬ್ಬಿಯ ಪಕ್ಕದಲ್ಲಿ ಅಂಗೈಯಷ್ಟು ಕಪ್ಪು ಮೋಟರ್ ಕಾಣುತ್ತದೆ. ಅಂತರ್ಜಾಲದ ವೀಡಿಯೋಗಳು ಜಾಸ್ತಿ ಅಮೆರಿಕದ್ದು. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಗ್ಲೋವ್ ಬಾಕ್ಸ್ ಬಲಕ್ಕೆ. ನಮ್ಮಲ್ಲಿ ಉಲ್ಟಾ. ಅದನ್ನು ನೋಡಿ ಸುಮ್ನೆ ಗಾಬರಿ ಆಗಬೇಡಿ.

ನಿಮಗೂ ಅದೇ ಮಾತು. ಮೊದಲು ಫ್ಲ್ಯಾಪ್ ಕೈಯಲ್ಲಿ ತಿರುಗಿಸಿ. ಮೋಟರ್‌ಗೆ ದುಡ್ಡು ಆಮೇಲೆ.

ನಾಗರಬಾವಿ_ನೆರಳು (ಬೆಂಗಳೂರು)

ಕರಾವಳಿ ಅಕ್ಕ, ಗಾಡಿ ಮರದ ಕೆಳಗೆ ನಿಲ್ಲಿಸುತ್ತೀರಾ?

ನನಗೆ ಆದದ್ದು ಹೇಳುತ್ತೇನೆ. ನಾನು ಹೋದ ವರ್ಷ ಎರಡು ವಾರ ಊರಿಗೆ ಹೋಗಿದ್ದೆ. ಗಾಡಿ ಗುಲ್‌ಮೊಹರ್ ಮರದ ಕೆಳಗೆ ನಿಂತಿತ್ತು. ವಾಪಸ್ ಬಂದ ಮೇಲೆ ಟಕ್ ಟಕ್ ಶುರು. ಗ್ಲೋವ್ ಬಾಕ್ಸ್ ಬಿಚ್ಚಿ ಮೋಟರ್ ತೆಗೆದು ನೋಡಿದರೆ ಫ್ಲ್ಯಾಪ್ ಮುಕ್ಕಾಲು ಭಾಗ ಮಾತ್ರ ಮುಚ್ಚುತ್ತಿತ್ತು. ಟಾರ್ಚ್ ಬಿಟ್ಟೆ. ಫ್ಲ್ಯಾಪಿನ ಅಂಚಿನಲ್ಲಿ ಹತ್ತಿ, ಹರಿದ ಪೇಪರ್, ಬಾನೆಟ್ ಒಳಗಿನ ಸ್ಪಂಜಿನ ಚೂರು, ಒಣಗಿದ ಎಲೆ, ಎಲ್ಲ ಸೇರಿಸಿ ಇಲಿ ಗೂಡು ಕಟ್ಟಿತ್ತು. ಒಂದು ಮುಷ್ಟಿಯಷ್ಟು. ಅದನ್ನು ತೆಗೆದ ಮೇಲೆ ಅದೇ ಹಳೇ ಮೋಟರ್ ವಾಪಸ್ ಹಾಕಿದೆ. ಹಲ್ಲು ಇನ್ನೂ ಹೋಗಿರಲಿಲ್ಲ. ಇವತ್ತಿಗೂ ಚೆನ್ನಾಗಿದೆ.

ಎಸಿ ಫಿಲ್ಟರ್ ಇದೆಯಲ್ಲ, ಕಸ ಹೇಗೆ ಬರುತ್ತದೆ ಅಂತ ನಾನೂ ಕೇಳಿದ್ದೆ. ನನ್ನ ಗಾಡಿಯಲ್ಲಿ, ತುಂಬಾ ಗಾಡಿಗಳಲ್ಲೂ ಹಾಗೇ, ಗಾಳಿ ವೈಪರ್ ಕೆಳಗಿನ ಜಾಲರಿಯಿಂದ ಬಂದು ಮೊದಲು ಈ ಫ್ಲ್ಯಾಪ್ ದಾಟುತ್ತದೆ. ಫಿಲ್ಟರ್ ಇರುವುದು ಆಮೇಲೆ.

ಗೂಡು ಬರಿಗೈಯಲ್ಲಿ ಮುಟ್ಟಬೇಡಿ. ಗ್ಲೌಸ್, ಮಾಸ್ಕ್ ಹಾಕಿ, ಮೊದಲು ಡಿಸ್‌ಇನ್ಫೆಕ್ಟಂಟ್ ಸಿಂಪಡಿಸಿ ಒದ್ದೆ ಮಾಡಿ. ಇಲಿ ಜ್ವರ ಏನು ಅಂತ ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಕರಾವಳಿ_ಅಕ್ಕ (ಮಂಗಳೂರು)

ಹಲಸಿನ ಮರದ ಕೆಳಗೇ ನಿಲ್ಲಿಸುವುದು! ಭಾನುವಾರ ತೆಗೆದು ನೋಡುತ್ತೇನೆ.

ಚಳಿನಾಡು (ಮಿಷಿಗನ್)

ಹಳೇ ಸ್ಪ್ಯಾನರ್ ಸರ್, ನೀವು ಹೇಳಿದ್ದು ನಿಜ. ನಾನು ಫ್ಲ್ಯಾಪ್ ಮುಟ್ಟಲೇ ಇಲ್ಲ. ಹಳೇದು ತೆಗೆದೆ, ಹೊಸದು ಹಾಕಿದೆ, ಅಷ್ಟೇ. ಈ ಶನಿವಾರ ಮತ್ತೆ ಬಿಚ್ಚುತ್ತೇನೆ. ಏನೇನು ನೋಡಬೇಕು ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಹಳೇ_ಸ್ಪ್ಯಾನರ್ (ಬೆಂಗಳೂರು)

ಹೇಳುತ್ತೇನೆ. ನಿಧಾನವಾಗಿ ಮಾಡಿ.

ನಿಮ್ಮ ಕಡೆ ಚಳಿ ಜಾಸ್ತಿ. ಗಾಡಿ ಹತ್ತು ನಿಮಿಷ ಓಡಿಸಿ ಒಳಗೆ ಬೆಚ್ಚಗಾದ ಮೇಲೆ ಕೆಲಸ ಶುರು ಮಾಡಿ. ತಣ್ಣಗಿನ ಪ್ಲಾಸ್ಟಿಕ್ ಕ್ಲಿಪ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಬಿಚ್ಚುವ ಮೊದಲು ಗಾಳಿಯ ದಿಕ್ಕನ್ನು ಮುಖದ ಕಡೆ ಇಟ್ಟು ಆಫ್ ಮಾಡಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಏರ್‌ಬ್ಯಾಗ್‌ನಲ್ಲಿ ಉಳಿದ ಚಾರ್ಜ್ ಇಳಿಯಲು ಸಮಯ ಬೇಕು. ಟೊಯೋಟಾ ಮ್ಯಾನ್ಯುಯಲ್ 90 ಸೆಕೆಂಡ್ ಅನ್ನುತ್ತದೆ, ಹೋಂಡಾದವರು 3 ನಿಮಿಷ ಅನ್ನುತ್ತಾರೆ. ನಾನು ಎಲ್ಲ ಗಾಡಿಗೂ ಹತ್ತು ನಿಮಿಷ ಬಿಡುತ್ತೇನೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು. ಅದರ ತಂಟೆಗೆ ಹೋಗಲೇಬೇಡಿ.

ಮೋಟರ್ ತೆಗೆಯುವ ಮೊದಲು ಫೋಟೋ ತೆಗೆದುಕೊಳ್ಳಿ. ತೆಗೆದ ಮೇಲೆ ಅದರ ಹಿಂದೆ ಒಂದು ದಂಡದ ತುದಿಯೋ ಸಣ್ಣ ಲಿವರ್ರೋ ಕಾಣುತ್ತದೆ. ಮೋಡ್ ಫ್ಲ್ಯಾಪ್ ಆದರೆ ಬಹಳಷ್ಟು ಗಾಡಿಗಳಲ್ಲಿ ಅಲ್ಲೊಂದು ದೊಡ್ಡ ಬಿಳಿ ಚಕ್ರ ಇರುತ್ತದೆ. ಅದರ ಮೈಮೇಲೆ ಬಾಗಿದ ಚಡಿಗಳು ಕೊರೆದಿರುತ್ತವೆ. ಒಂದೊಂದು ಚಡಿಯಲ್ಲಿ ಒಂದೊಂದು ಲಿವರಿನ ಗೂಟ ಓಡಾಡುತ್ತದೆ. ಒಂದೇ ಮೋಟರ್ ಮೂರು ಫ್ಲ್ಯಾಪ್ ಆಡಿಸುವುದು ಹೀಗೆ.

ಆ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಬೆರಳಲ್ಲಿ ಆಗಬೇಕು, ಪ್ಲೈಯರ್ ಬೇಕಾದರೆ ಆಗಲೇ ಏನೋ ತೊಂದರೆ ಇದೆ. ಈ ತುದಿಯಿಂದ ಆ ತುದಿಗೆ ಒಂದೇ ಹದದಲ್ಲಿ ಹೋಗಬೇಕು. ಫ್ಲ್ಯಾಪಿನ ಅಂಚಿಗೆ ಫೋಮ್ ಅಂಟಿಸಿರುತ್ತಾರೆ, ಹಾಗಾಗಿ ತುದಿ ಮುಟ್ಟಿದಾಗ ಮೆತ್ತಗೆ 'ದಪ್' ಅನ್ನಬೇಕು. ಗಟ್ಟಿಯಾಗಿ 'ಠಕ್' ಅಂತ ನಿಂತರೆ ಅಲ್ಲೇನೋ ಅಡ್ಡ ಇದೆ. ಎಲ್ಲೂ ನಿಲ್ಲದೆ ಸುತ್ತುತ್ತಲೇ ಇದ್ದರೆ ದಂಡವೇ ಮುರಿದಿದೆ. ಎರಡರಲ್ಲಿ ಯಾವುದೇ ಆದರೂ ಹೊಸ ಮೋಟರ್ ಹಾಕಿ ಪ್ರಯೋಜನ ಇಲ್ಲ.

ಕಿವಿಯನ್ನು ಹತ್ತಿರ ಇಟ್ಟುಕೊಂಡು ತಿರುಗಿಸಿ.

ಜರ್ಸಿ_ಗೌಡ್ರು (ನ್ಯೂಜೆರ್ಸಿ)

ಸ್ಕ್ರೂ ಬಗ್ಗೆ ಒಂದು ಮಾತು. ಇಲ್ಲಿನ ಗಾಡಿಗಳಲ್ಲಿ ಜಾಸ್ತಿ 5.5 ಮಿ.ಮೀ. ಅಥವಾ 8 ಮಿ.ಮೀ. ಷಡ್ಭುಜ ತಲೆ. ಜಪಾನಿ ಗಾಡಿಗಳಲ್ಲಿ ಸ್ಟಾರ್ (ಪ್ಲಸ್ ತಲೆಯ) ಸ್ಕ್ರೂ. ಸಣ್ಣ ಕಾಲು ಇಂಚಿನ ರ‍್ಯಾಚೆಟ್ ಇಲ್ಲದೆ ಕೈ ಹಾಕಬೇಡಿ, ಜಾಗ ಇರುವುದಿಲ್ಲ. ಸಾಕೆಟ್ ಒಳಗೆ ಚಿಟಿಕೆ ಗ್ರೀಸ್ ಹಚ್ಚಿ ಸ್ಕ್ರೂ ಕೂರಿಸಿದರೆ ಕೆಳಗೆ ಬೀಳುವುದಿಲ್ಲ. ನನ್ನದೊಂದು ಸ್ಕ್ರೂ ಕಾರ್ಪೆಟ್ ಹಿಂದೆ ಬಿದ್ದು ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು. ಮೇಲಿನ ಸ್ಕ್ರೂ ಕಾಣದಿದ್ದರೆ ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ ಕೆಳಗೆ ಹಿಡಿಯಿರಿ.

ಇನ್ನೊಂದು. ನಾನು ಮೊದಲು ಹೊಸ ಮೋಟರ್ ಕನೆಕ್ಟರ್‌ಗೆ ಹಾಕಿ, ಕೀ ಆನ್ ಮಾಡಿ, ಅದು ತಿರುಗಿ ಸರಿ ಜಾಗಕ್ಕೆ ಬಂದ ಮೇಲೆ ಫ್ಲ್ಯಾಪಿಗೆ ಕೂರಿಸುತ್ತೇನೆ. ಹೊಂದಿಸುವುದು ಸುಲಭ.

ಮಲ್ಟಿಮೀಟರ್_ಮೇಷ್ಟ್ರು (ಮೈಸೂರು)

ಗೌಡ್ರೇ, ಅದು ಐದು ವೈರಿನ ಮೋಟರ್‌ಗೆ ಸರಿ. ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಿರುತ್ತದೆ. ಎರಡು ವೈರಿನದ್ದಕ್ಕೆ ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಅದು ತುದಿ ಹುಡುಕಿಕೊಂಡು ತಿರುಗುತ್ತದೆ. ಫ್ಲ್ಯಾಪ್ ಇಲ್ಲದಿದ್ದರೆ ತುದಿ ಸಿಗುವುದಿಲ್ಲ, ಎಣಿಕೆ ಎಲ್ಲ ತಪ್ಪುತ್ತದೆ. ಅದನ್ನು ಮೊದಲು ಸ್ಕ್ರೂ ಬಿಗಿದು ಕೂರಿಸಿ, ಆಮೇಲೆ ಕೀ ಆನ್ ಮಾಡಬೇಕು. ಕೆಲವು ಗಾಡಿಗಳಲ್ಲಿ ಎಸಿ ಫ್ಯೂಸ್ ಸ್ವಲ್ಪ ಹೊತ್ತು ತೆಗೆದು ಹಾಕಬೇಕು, ಕೀ ಆನ್ ಮಾಡಿದ ಮೇಲೆ ಒಂದೆರಡು ನಿಮಿಷ ಯಾವ ಬಟನ್ನೂ ಮುಟ್ಟಬಾರದು. ನಿಮ್ಮ ಗಾಡಿಯ ರಿಪೇರಿ ಮ್ಯಾನ್ಯುಯಲ್‌ನಲ್ಲಿ ಹೇಗಿದೆಯೋ ಹಾಗೇ ಮಾಡಿ.

ಜರ್ಸಿ_ಗೌಡ್ರು (ನ್ಯೂಜೆರ್ಸಿ)

ಸರಿ ಮೇಷ್ಟ್ರೇ. ನನ್ನ ಎರಡು ಗಾಡಿಯೂ ಐದು ವೈರಿನದ್ದೇ, ಅದಕ್ಕೆ ತೊಂದರೆ ಆಗಿರಲಿಲ್ಲ. ತಿದ್ದಿದ್ದು ಒಳ್ಳೆಯದಾಯಿತು.

ಹೊಸಬ_ತುಮಕೂರು

ಮೋಟರ್ ಬಿಚ್ಚಿ ಹಲ್ಲು ಹೋದ ಗೇರಿಗೆ ಅಂಟು ಹಾಕಿದರೆ ಆಗುವುದಿಲ್ಲವಾ? ನಮ್ಮ ಗಾಡಿಗೆ ಹೊಸದು 3,200 ರೂಪಾಯಿ ಹೇಳುತ್ತಿದ್ದಾರೆ.

ಹಳೇ_ಸ್ಪ್ಯಾನರ್ (ಬೆಂಗಳೂರು)

ಬೇಡ. ಆ ಪ್ಲಾಸ್ಟಿಕ್‌ಗೆ ಗ್ರೀಸ್ ಮೆತ್ತಿರುತ್ತದೆ, ಅಂಟು ಹಿಡಿಯುವುದಿಲ್ಲ. ಹಿಡಿದರೂ ವಾರ ಬರುವುದಿಲ್ಲ. ಬೆಂಗಳೂರಿಗೆ ಬಂದಾಗ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಗುಜರಿ ಮಾಲಾದರೆ ಶಿವಾಜಿನಗರ. ಅಂಗಡಿಯಲ್ಲಿ ಆಕ್ಚುಯೇಟರ್ ಅಂದರೆ ಕೆಲವರಿಗೆ ಅರ್ಥ ಆಗದೇ ಇರಬಹುದು, ಫ್ಲ್ಯಾಪ್ ಮೋಟರ್ ಅಥವಾ ಸರ್ವೋ ಅನ್ನಿ. ಹಳೇದನ್ನು ಕೈಯಲ್ಲಿ ತೆಗೆದುಕೊಂಡು ಹೋಗಿ. ಮೈಮೇಲೆ ಸ್ಟಿಕ್ಕರ್ ಇರುತ್ತದೆ, ಡೆನ್ಸೋ, ವಲಿಯೋ, ಸುಬ್ರೋಸ್ ಅಂತ ತಯಾರಕರ ಹೆಸರು, ಕೆಳಗೆ ನಂಬರ್. ಆ ನಂಬರ್ ಅಕ್ಷರ ಅಕ್ಷರವೂ ಕೂಡಬೇಕು. ನೋಡಲು ಅಣ್ಣ ತಮ್ಮನ ಹಾಗಿರುವ ಎರಡು ಮೋಟರ್‌ಗಳಲ್ಲಿ ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ ತಿರುಗಬಹುದು.

ದುಡ್ಡು ಹೊಂದುವ ತನಕ ಒಂದು ದಾರಿ ಇದೆ. ಮೋಟರ್ ತೆಗೆದು, ಫ್ಲ್ಯಾಪನ್ನು ಕೈಯಲ್ಲೇ ಬೇಕಾದ ಕಡೆ ಇಟ್ಟು, ಕನೆಕ್ಟರಿಗೆ ಟೇಪ್ ಸುತ್ತಿ ಬಿಡಿ. ರೀಸರ್ಕ್ಯುಲೇಶನ್ ಆದರೆ ಹೊರಗಿನ ಗಾಳಿ ಬರುವ ಹಾಗೆ ಇಡಿ. ಇಡೀ ದಿನ ಒಳಗಿನ ಗಾಳಿಯೇ ಸುತ್ತಿದರೆ ಗಾಜು ಮಬ್ಬಾಗುತ್ತದೆ, ನಾಲ್ಕು ಜನ ಕೂತಾಗ ಉಸಿರಿಗೂ ಒಳ್ಳೆಯದಲ್ಲ, ತೂಕಡಿಕೆ ಬರುತ್ತದೆ.

ಕರಾವಳಿ_ಅಕ್ಕ (ಮಂಗಳೂರು)

ತೆಗೆದೆ! ಗ್ಲೋವ್ ಬಾಕ್ಸ್ ಐದು ನಿಮಿಷದಲ್ಲಿ ಬಂತು. ಗೂಡು ಇಲ್ಲ, ದೇವರು ದೊಡ್ಡವನು. ಆದರೆ ಹಲಸಿನ ಎಲೆ ನಾಲ್ಕು, ಒಂದು ಮಡಚಿಕೊಂಡು ಫ್ಲ್ಯಾಪಿನ ಕೀಲಿಗೇ ಸಿಕ್ಕಿತ್ತು. ಒಣಗಿದ ಹಲಸಿನ ಎಲೆ ಚರ್ಮದ ಹಾಗೆ ಗಟ್ಟಿ, ನಿಮಗೆ ಗೊತ್ತಲ್ಲ. ಇಕ್ಕಳದಲ್ಲಿ ಎಳೆದು ತೆಗೆದೆ. ಈಗ ಫ್ಲ್ಯಾಪ್ ಬೆರಳಲ್ಲಿ ಸಲೀಸಾಗಿ ಓಡಾಡುತ್ತದೆ, ನೀವು ಹೇಳಿದ 'ದಪ್' ಕೇಳಿಸಿತು. ಆದರೆ ಮೋಟರ್ ವಾಪಸ್ ಹಾಕಿದರೆ ಮೂರು ಸಲಕ್ಕೆ ಒಂದು ಸಲ ಟಕ್ ಅನ್ನುತ್ತದೆ. ಹಲ್ಲು ಹೋಗಿದೆ ಅಲ್ವಾ?

ಹಳೇ_ಸ್ಪ್ಯಾನರ್ (ಬೆಂಗಳೂರು)

ಹೌದು. ಈಗ ಹೊಸ ಮೋಟರ್ ತನ್ನಿ. ಇನ್ನು ಅದು ಉಳಿಯುತ್ತದೆ. ವೈಪರ್ ಕೆಳಗಿನ ಜಾಲರಿ ತೆಗೆದು, ಗಾಳಿ ಹೋಗುವ ಬಾಯಿಗೆ ಐದಾರು ಮಿ.ಮೀ. ಕಿಂಡಿಯ ಸ್ಟೀಲ್ ಮೆಶ್ ಕತ್ತರಿಸಿ ಕೂರಿಸಿ. ಎಲೆಯೂ ಬರುವುದಿಲ್ಲ, ಇಲಿಯೂ ಬರುವುದಿಲ್ಲ.

ಚಳಿನಾಡು (ಮಿಷಿಗನ್)

ಶನಿವಾರದ ವರದಿ. ಕೈ ಇನ್ನೂ ನಡುಗುತ್ತಿದೆ, ಖುಷಿಗೆ.

ಗಾಡಿ ಬೆಚ್ಚಗೆ ಮಾಡಿಕೊಂಡೆ. ಬ್ಯಾಟರಿ ತೆಗೆದು ಹತ್ತು ನಿಮಿಷ ಕಾದೆ. ಮೋಟರ್ ಬಿಚ್ಚಿದೆ. ಬಿಳಿ ಚಕ್ರ ನೀವು ಹೇಳಿದ ಹಾಗೇ ಇತ್ತು. ಎರಡು ಬೆರಳಲ್ಲಿ ತಿರುಗಿಸಿದೆ. ಮುಖದಿಂದ ಕಾಲಿಗೆ ಬೆಣ್ಣೆಯ ಹಾಗೆ ಹೋಯಿತು. ಕಾಲಿನಿಂದ ಗಾಜಿನ ಕಡೆಗೆ ಹೋಗುವಾಗ, ಇನ್ನೇನು ತುದಿ ಬಂತು ಅನ್ನುವಷ್ಟರಲ್ಲಿ, 'ಠಕ್'. ದಪ್ ಅಲ್ಲ. ಜೊತೆಗೆ ಮೇಲೆಲ್ಲೋ ಸಣ್ಣಗೆ ಲೋಹದ ಸದ್ದು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಚಕ್ರ ಆಡಿಸಿದಳು, ನಾನು ಗಾಜಿನ ಕೆಳಗೆ ಡ್ಯಾಶ್‌ಬೋರ್ಡ್ ಮೇಲಿರುವ ಸೀಳಿಗೆ ಕಿವಿ ಇಟ್ಟೆ. ಸದ್ದು ಅಲ್ಲಿಂದಲೇ.

ಟಾರ್ಚ್ ಬಿಟ್ಟರೆ ತಳದಲ್ಲಿ ಏನೋ ಗುಲಾಬಿ ಬಣ್ಣ. ಮಗಳ ಕೂದಲಿನ ಟಿಕ್ ಟಿಕ್ ಕ್ಲಿಪ್. ಗಾಜಿನ ಕಡೆಯ ಫ್ಲ್ಯಾಪ್ ತೆರೆಯುವ ದಾರಿಗೇ ಅಡ್ಡ ನಿಂತಿತ್ತು. ಅದು ಉಕ್ಕಿನದ್ದಲ್ಲವಾ, ಉದ್ದ ಕಡ್ಡಿಯ ಮ್ಯಾಗ್ನೆಟ್ ಇಳಿಸಿದೆ. ಎರಡು ಸಲ ಜಾರಿತು. ಮೂರನೇ ಸಲ ಬಂತು. ಮಗಳು ಅದನ್ನು ನೋಡಿ, ಇದು ನನ್ನ ಹುಟ್ಟುಹಬ್ಬದ್ದು, ಕಳೆದೇ ಹೋಗಿತ್ತು ಅಂತ ಕುಣಿದಳು. ಹುಟ್ಟುಹಬ್ಬ ಅಕ್ಟೋಬರ್‌ನಲ್ಲಿ. ಸದ್ದು ಶುರುವಾದದ್ದು ನವೆಂಬರ್‌ನಲ್ಲಿ, ಗಾಜಿನ ಮಂಜು ಬಿಡಿಸುವ ಡಿಫ್ರಾಸ್ಟ್ ಬಳಸಲು ಶುರು ಮಾಡಿದ ಮೇಲೆ.

ಮೂರು ವಾರದ ಮೋಟರನ್ನು ಬಿಚ್ಚಿ ನೋಡಿದೆ. ಕೊನೆಯ ಗೇರಿಗಿಂತ ಒಂದು ಹಿಂದಿನದರಲ್ಲಿ ಎರಡು ಹಲ್ಲು ಪೂರ್ತಿ ಇಲ್ಲ, ಮೂರನೆಯದು ಬಾಗಿದೆ. ಗ್ರೀಸಿನಲ್ಲಿ ಬಿಳಿ ಪುಡಿ, ರವೆಯ ಹಾಗೆ. ಹಳೇ ಮೋಟರ್ ಕಸದ ಬುಟ್ಟಿಗೆ ಹಾಕಿರಲಿಲ್ಲ, ಅದನ್ನೂ ಬಿಚ್ಚಿದೆ. ಅದೇ ಗೇರ್, ಅದೇ ಥರ. ಕಳಪೆ ಮಾಲು ಅಂದುಕೊಂಡಿದ್ದೆ. ಮಾಲಿನ ತಪ್ಪು ಏನೂ ಇರಲಿಲ್ಲ.

ಇನ್ನೊಂದು 42 ಡಾಲರ್ ಕೊಟ್ಟು ತರಿಸಿದ್ದೇನೆ. ಗುರುವಾರ ಬರುತ್ತದೆ. ಅಲ್ಲಿಯ ತನಕ ಚಕ್ರವನ್ನು ಕೈಯಲ್ಲಿ ಗಾಜಿನ ಕಡೆಗೆ ತಿರುಗಿಸಿ ಬಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ನಾಲ್ಕು ನಿಮಿಷಕ್ಕೆ ಗಾಜು ತಿಳಿಯಾಯಿತು.

ಹಳೇ_ಸ್ಪ್ಯಾನರ್ (ಬೆಂಗಳೂರು)

ಬಹಳ ಸಂತೋಷ. ಗುರುವಾರ ಹಾಕುವಾಗ ಸ್ಕ್ರೂ ಜಾಸ್ತಿ ಬಿಗಿಯಬೇಡಿ, ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಕಂಬ ಸೀಳುತ್ತದೆ. ಮೂರೂ ಸ್ಕ್ರೂ ಸಡಿಲವಾಗಿ ಹಿಡಿಸಿ, ಮೋಟರ್ ಸರಿಯಾಗಿ ಕೂತಿದೆ ಅಂತ ನೋಡಿ, ಆಮೇಲೆ ಒಂದೊಂದಾಗಿ ಮುಗಿಸಿ. ಒಂದು ಕಂಬ ಆಗಲೇ ಸೀಳಿದ್ದರೆ ಅದನ್ನು ಬಿಟ್ಟು ಎರಡೇ ಸ್ಕ್ರೂನಲ್ಲಿ ನಿಲ್ಲಿಸಬೇಡಿ. ಮೋಟರ್ ಒಂದು ಕಡೆ ಎದ್ದರೆ ಗೇರ್ ಮೇಲೆ ಓರೆ ಭಾರ ಬೀಳುತ್ತದೆ. ಕಂಬಕ್ಕೆ ಎಪಾಕ್ಸಿ ಅಂಟು ಹಾಕಿ ಒಂದು ರಾತ್ರಿ ಒಣಗಿಸಿ.

ಮಲ್ಟಿಮೀಟರ್_ಮೇಷ್ಟ್ರು (ಮೈಸೂರು)

ಬ್ಯಾಟರಿ ತೆಗೆದಿದ್ದರಿಂದ ಪವರ್ ವಿಂಡೋ ಒಂದೇ ಒತ್ತಿಗೆ ಮೇಲೆ ಹೋಗದಿದ್ದರೆ ಗಾಬರಿ ಬೇಡ. ಬಹಳಷ್ಟು ಗಾಡಿಗಳಲ್ಲಿ ಗಾಜು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಸ್ವಿಚ್ ಕೆಲವು ಸೆಕೆಂಡ್ ಹಾಗೇ ಹಿಡಿದರೆ ಮತ್ತೆ ಕಲಿಯುತ್ತದೆ.

ಕರಾವಳಿ_ಅಕ್ಕ (ಮಂಗಳೂರು)

ಹೊಸ ಮೋಟರ್ ಹಾಕಿದೆ, ನಾನೇ. ನಲವತ್ತು ನಿಮಿಷ. ನಿನ್ನೆ ರಾತ್ರಿ ಜೋರು ಮಳೆಯಲ್ಲಿ ಪಡೀಲಿನಿಂದ ಮನೆಗೆ ಬಂದೆ, ಬಟ್ಟೆ ಕೈಗೆ ತೆಗೆದುಕೊಳ್ಳಲೇ ಇಲ್ಲ. ಮೆಶ್ ಕೂರಿಸಲು ವೈಪರ್ ತೋಳು ಬರುತ್ತಿಲ್ಲ, ನಟ್ ತೆಗೆದರೂ ಗಟ್ಟಿ ಹಿಡಿದಿದೆ. ಏನು ಮಾಡಲಿ?

ಹಳೇ_ಸ್ಪ್ಯಾನರ್ (ಬೆಂಗಳೂರು)

ನಟ್ಟನ್ನು ಎರಡು ಸುತ್ತು ವಾಪಸ್ ಹಾಕಿ, ಹಾಗೇ ಬಿಡಿ. ಕೀಲಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಕಾಯಿರಿ. ಆಮೇಲೆ ತೋಳನ್ನು ಗಾಜಿನಿಂದ ಎತ್ತಿ ಹಿಡಿದು ಪಕ್ಕಕ್ಕೆ ಮೆಲ್ಲಗೆ ಅಲ್ಲಾಡಿಸಿ. ಸುತ್ತಿಗೆ ಬೇಡ, ಕೆಳಗಿರುವುದು ಗಾಜು. ಅದು ಬರುವ ಮೊದಲೇ, ತೋಳು ದಂಡದ ಯಾವ ಹಲ್ಲಿನ ಮೇಲೆ ಕೂತಿದೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಕರಾವಳಿ_ಅಕ್ಕ (ಮಂಗಳೂರು)

ಬಂತು. ಎಣ್ಣೆ ಹಾಕಿ ಒಂದು ಗಂಟೆ ಬಿಟ್ಟಿದ್ದೆ. ಒಳಗೆ ಇನ್ನೂ ಎರಡು ಹಿಡಿ ಎಲೆ ಇತ್ತು.